ಅವ್ವನ ತಸಬೀರು

ತಾಂಡೂರು–ಕೊಡಂಗಲ್ ಕಡೆಯ ನಮ್ಮ ದೌಲತಾಬಾದಿನಲ್ಲಿ ಗೋಡೆಗೆ ತೂಗುಹಾಕಿದ ಚಿತ್ರಕ್ಕೆ ಹಿರಿಯರು ತಸಬೀರು ಅನ್ನುತ್ತಿದ್ದರು. ದೇವರದಾದರೂ ತಸಬೀರು, ಸತ್ತವರದಾದರೂ ತಸಬೀರು. ಅರಬ್ಬಿಯ ತಸ್ವೀರ್ ನಮ್ಮ ಬಾಯಲ್ಲಿ ಹೀಗಾಯಿತು. ಅದರ ಬಳಗದ್ದೇ ಇನ್ನೊಂದು ಮಾತು ಮುಸವ್ವಿರ್, ಅಂದರೆ ಚಿತ್ರ ಮಾಡುವವನು. ಆರನೆಯ ನಿಜಾಮ ಮಹಬೂಬ್ ಅಲಿ ಖಾನ್ ತನ್ನ ಆಸ್ಥಾನದ ಛಾಯಾಗ್ರಾಹಕ ಲಾಲಾ ದೀನ್ ದಯಾಳರಿಗೆ ಕೊಟ್ಟ ಬಿರುದು ‘ಮುಸವ್ವಿರ್ ಜಂಗ್’.

ದೀನ್ ದಯಾಳರು ಸಿಕಂದರಾಬಾದಿನಲ್ಲಿ ಸ್ಟುಡಿಯೋ ತೆರೆದದ್ದು 1886ರಲ್ಲಿ. 1892ರಲ್ಲಿ ಗೋಷಾ ಹೆಂಗಸರಿಗೆಂದೇ ಹೈದರಾಬಾದಿನಲ್ಲಿ ಜನಾನಾ ಸ್ಟುಡಿಯೋ ಮಾಡಿದರು. ದರ್ಬಾರು, ಶಿಕಾರಿ, ಬೇಗಮರು, ಬರಗಾಲದ ಕಾಮಗಾರಿ ಎಲ್ಲವೂ ಅವರ ಗಾಜಿನ ಫಲಕಕ್ಕೆ ಇಳಿದವು. ತಾಂಡೂರಿನ ಮೇಲೆ ಹಾಯುವ ವಾಡಿ–ಹೈದರಾಬಾದ್ ರೈಲು 1874ರಿಂದಲೇ ಓಡುತ್ತಿತ್ತು. ರೈಲಿಗೆ ಕೆಲವು ತಾಸಿನ ದಾರಿ. ಕ್ಯಾಮೆರಾ ಅಲ್ಲಿಂದ ನಮ್ಮಂಥ ಒಕ್ಕಲುತನದವರ ಅಂಗಳಕ್ಕೆ ಬರಲು ನೂರು ವರ್ಷ ಬೇಕಾಯಿತು. ಅಷ್ಟರಲ್ಲಿ ನಿಜಾಮಶಾಹಿ ಹೋಯಿತು. ಗುಲ್ಬರ್ಗಾ ಜಿಲ್ಲೆಯಲ್ಲಿದ್ದ ತಾಂಡೂರು, ಕೊಡಂಗಲ್ 1956ರ ನವೆಂಬರ್ 1ಕ್ಕೆ ಆಂಧ್ರಪ್ರದೇಶ ಸೇರಿದವು.

ಸ್ಟುಡಿಯೋಗಳು ತಾಂಡೂರಿಗೂ ಬಂದವು, ನಿಜ. ಮದುವೆಯಾದ ಜೋಡಿ ಹೋಗಿ ಪರದೆಯ ಮುಂದೆ ನಿಂತು ಬರುತ್ತಿತ್ತು. ನಮ್ಮವ್ವ ಹೋಗಲಿಲ್ಲ. ಫೋಟು ತೆಗೆಸಿದರೆ ಆಯುಷ್ಯ ತಗ್ಗುತ್ತದೆ ಎಂಬ ಅಂಜಿಕೆ ಒಂದು, ರೊಕ್ಕ ಇಲ್ಲದ್ದು ಇನ್ನೊಂದು.

1993ರಲ್ಲಿ ಮುಖ್ಯ ಚುನಾವಣಾ ಆಯುಕ್ತ ಟಿ.ಎನ್. ಶೇಷನ್ ಮತದಾರರಿಗೆ ಭಾವಚಿತ್ರದ ಗುರುತಿನ ಚೀಟಿ ಬೇಕೆಂದು ಹುಕುಂ ಮಾಡಿದರು. ಒಂದೆರಡು ವರ್ಷಕ್ಕೆ ನಮ್ಮೂರ ಸಾಲಿಯಲ್ಲಿ ಒಂದು ಬಟ್ಟೆ ಕಟ್ಟಿ, ಸ್ಟೂಲು ಇಟ್ಟು, ಊರನ್ನೇ ಸಾಲಾಗಿ ಕೂರಿಸಿದರು. ಸೆರಗು ಸರಿಸು ಅಂದರೆ ಅವ್ವ ಹಣೆ ಕಾಣುವಷ್ಟೇ ಸರಿಸಿದಳು. ಚೀಟಿ ಬಂದಾಗ ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಮೇಲಿದ್ದ ತೆಲುಗು ಆಕೆಗೆ ಓದಲು ಬರುತ್ತಿರಲಿಲ್ಲ, ಕನ್ನಡವೂ ಬರುತ್ತಿರಲಿಲ್ಲ.

“ನಮ್ಮವ್ವ ಇದ್ದಂಗ ಐತಲ್ಲೋ ಇದು,” ಅಂದಳು.

ಆಯಿಯದು ಒಂದು ಫೋಟೋನೂ ಇರಲಿಲ್ಲ. ನಲವತ್ತು ವರ್ಷದ ಹಿಂದೆ ಹೋದ ತಾಯಿಯ ಮುಖ ಅವ್ವನಿಗೆ ಸಿಕ್ಕಿದ್ದು ಸರಕಾರದ ಕಾಗದದಲ್ಲಿ, ತನ್ನದೇ ಮುಖದಲ್ಲಿ. ಮತ ಹಾಕಲೆಂದು ಮಾಡಿಸಿದ ಚೀಟಿಯನ್ನು ಆಕೆ ದೇವರ ಜಗಲಿಯ ಮೇಲೆ ಇಟ್ಟಳು.

ಅವ್ವ ತೀರಿಕೊಂಡಾಗ ನಮ್ಮಲ್ಲಿ ಇದ್ದದ್ದೂ ಅದೊಂದೇ. ತಾಂಡೂರಿನ ಸ್ಟುಡಿಯೋಕ್ಕೆ ಒಯ್ದೆ. ಉಗುರಿನಷ್ಟು ಮುಖವನ್ನು ಹುಡುಗ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದ, ಹಿಂದೆ ನೀಲಿ ಬಣ್ಣ ಬಳಿದ, ಕೊರಳ ಕೆಳಗೆ ಯಾರದೋ ರೇಷ್ಮೆ ಸೀರೆ ಕೂಡಿಸಿದ. ಮನೆಗೆ ತಂದು ನೋಡಿ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಅವ್ವ ಅಂಥ ಸೀರೆ ಉಟ್ಟವಳೇ ಅಲ್ಲ. ವಾಪಸು ಒಯ್ಯಲು ಹೊರಟರೆ ಚಿಕ್ಕವ್ವ ತಡೆದಳು:

“ಇರ್ಲಿ ಬಿಡೋ ತಮ್ಮಾ. ಇದ್ದಾಗಂತೂ ಉಡಲಿಲ್ಲ, ಈಗರೆ ಉಡ್ಲಿ.”

ಆ ತಸಬೀರು ಹಾಗೇ ಗೋಡೆಯ ಮೇಲಿದೆ. ನನ್ನ ಕಣ್ಣು ಮಾತ್ರ ಚೀಟಿಯ ಆ ಮಸುಕು ಮುಖವನ್ನೇ ಬೇಡುತ್ತದೆ.

ಈಗ ಹೊಸ ಕಾರ್ಡು ಬಂತೆಂದು ಹಳೆಯವನ್ನು ಒಲೆಗೆ ಹಾಕುವವರನ್ನು ಕಂಡಿದ್ದೇನೆ. ನಿಮ್ಮ ಮನೆಯ ಟ್ರಂಕಿನಲ್ಲಿ ಅಂಥ ಚೀಟಿ ಇದ್ದರೆ ದಯವಿಟ್ಟು ಎಸೆಯಬೇಡಿ. ಮುಖ ಅಳಿಯುವ ಮೊದಲು ಒಂದು ಪ್ರತಿ ತೆಗೆಸಿಡಿ.