ಗುಳೆ ಹೋದವರ ಮೇಲಿನ ಗುಮಾನಿ: ರೋಣ–ಗಜೇಂದ್ರಗಡ ಸೀಮೆಯ ವಲಸೆ ಮತ್ತು ದಾಖಲೆಯ ಚರಿತ್ರೆ

ಗಜೇಂದ್ರಗಡ ಸೀಮೆಯ ಮುಶಿಗೇರಿಯಂಥ ಊರಿನಿಂದ ಗೋವಾಕ್ಕೋ ಮಂಗಳೂರಿಗೋ ದುಡಿಯಲು ಹೋದವನ ಹೆಸರು ಊರಿನ ಮತದಾರರ ಪಟ್ಟಿಯಲ್ಲಿರುತ್ತದೆ, ಪಡಿತರ ಚೀಟಿಯಲ್ಲಿರುತ್ತದೆ, ಹೊಲವಿದ್ದರೆ ಪಹಣಿಯಲ್ಲೂ ಇರುತ್ತದೆ. ದುಡಿಯುವ ಊರಿನಲ್ಲಿ ಮಾತ್ರ ಅವನು ಬಹುಪಾಲು ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ಬಾಡಿಗೆಗೆ ಕರಾರಿಲ್ಲ, ಕೂಲಿಗೆ ಚೀಟಿಯಿಲ್ಲ, ಮೇಸ್ತ್ರಿ ಕೊಟ್ಟ ಮುಂಗಡಕ್ಕೆ ಬಾಯಿಮಾತೇ ಲೆಕ್ಕ. ಹೀಗೆ ಖಾಲಿ ಉಳಿದ ಪುಟವನ್ನು ಅಲ್ಲಿಯ ಸಮಾಜ ಗುಮಾನಿಯಿಂದ ತುಂಬುತ್ತದೆ: ಕಳ್ಳರಿರಬಹುದು, ರೋಗ ತರುವವರಿರಬಹುದು, ನಮ್ಮ ಸವಲತ್ತು ತಿನ್ನಲು ಬಂದವರಿರಬಹುದು. ಆ ಪುಟ ಖಾಲಿ ಉಳಿದದ್ದು ಬರೆಯುವ ಹೊಣೆ ಹೊತ್ತವರು ಬರೆಯದೆ ಹೋದದ್ದರಿಂದ, ಮತ್ತು ಆ ತಪ್ಪಿನ ಶಿಕ್ಷೆಯನ್ನು ಒಂದೂವರೆ ಶತಮಾನದಿಂದ ಗುಳೆ ಹೋಗುವವನೇ ಹೊರುತ್ತಿದ್ದಾನೆ ಎಂಬುದು ಈ ಲೇಖನದ ವಾದ.

ಈ ಸೀಮೆ ಎರಿ ಭೂಮಿಯದು. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ, ಅದೂ ನಂಬಿಕೆಯದಲ್ಲ. ಮುಂಗಾರಿಗೆ ಹೆಸರು, ಶೇಂಗಾ, ಉಳ್ಳಾಗಡ್ಡಿ; ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬೆ. ನವಿಲುತೀರ್ಥದಲ್ಲಿ ಕಟ್ಟಿದ ಅಣೆಕಟ್ಟಿನಿಂದ 1970ರ ದಶಕದಲ್ಲಿ ಮಲಪ್ರಭೆಯ ಕಾಲುವೆ ನರಗುಂದದ ಕಡೆ ಹರಿಯಿತು. ಗಜೇಂದ್ರಗಡದ ಗುಡ್ಡದ ಬದಿಯ ಊರುಗಳಿಗೆ ಮೋಡವೇ ಗತಿಯಾಗಿ ಉಳಿಯಿತು. ಸುಗ್ಗಿ ಮುಗಿದರೆ ಹೊಲದಲ್ಲಿ ಕೆಲಸವಿಲ್ಲ, ಹಿಂಗಾರಿ ಕೈಕೊಟ್ಟರೆ ಸುಗ್ಗಿಯೇ ಇಲ್ಲ. ಗುಳೆ ಇಲ್ಲಿ ಬದುಕಿನ ಪಂಚಾಂಗದೊಳಗಿನ ಒಂದು ಕಾಲ.

1876–78ರ ಬರ ಇದರ ಹಳೆಯ ಗಾಯ. 1872 ಮತ್ತು 1881ರ ಜನಗಣತಿಗಳ ನಡುವೆ ಧಾರವಾಡ ಜಿಲ್ಲೆಯ ಜನಸಂಖ್ಯೆ ನೂರಕ್ಕೆ ಹತ್ತರಷ್ಟು ಇಳಿಯಿತು. ಸತ್ತವರೊಡನೆ ಊರು ಬಿಟ್ಟವರೂ ಆ ಲೆಕ್ಕದಲ್ಲಿದ್ದಾರೆ. ಬರದ ಬೆನ್ನಿಗೇ ರೈಲು ಬಂತು. ಗದಗದಿಂದ ಉತ್ತರಕ್ಕೆ ಹೊಳೆಆಲೂರು ದಾಟಿ ಹೊಟಗಿಗೆ ಒಂದು ದಾರಿ, ಪಶ್ಚಿಮಕ್ಕೆ ಹುಬ್ಬಳ್ಳಿ, ಕ್ಯಾಸಲ್‌ರಾಕ್ ದಾಟಿ ಪೋರ್ಚುಗೀಸರ ಮುರಗಾಂವ ಬಂದರಿಗೆ ಇನ್ನೊಂದು. ಅರಳೆಯ ಗಂಟು ಸಾಗಿಸಲೆಂದು ಹಾಕಿದ ಹಳಿಗಳು ಬರ ಬಂದಾಗ ಮನುಷ್ಯರನ್ನೂ ಸಾಗಿಸಿದವು.

ಅದೇ ಹಳಿ ಕೆಲವರ ಕಸುಬನ್ನೂ ಕಿತ್ತುಕೊಂಡಿತು. ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ದಖ್ಖನ್ನಿನ ಉದ್ದಗಲ ನಡೆದಿದ್ದ ಲಂಬಾಣಿಗರಿಗೆ ರೈಲೂ ಉಪ್ಪಿನ ಸುಂಕವೂ ಸೇರಿ ದಾರಿ ಮುಚ್ಚಿದವು. ನಡೆದಾಡಿ ಬದುಕುವುದನ್ನೇ ಸಂಶಯದಿಂದ ನೋಡುವ ಕಾನೂನು ಅದೇ ಕಾಲದ್ದು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಮೊದಲು ಉತ್ತರ ಹಿಂದೂಸ್ತಾನದಲ್ಲಿ ಜಾರಿಯಾಗಿ, 1911ರ ತಿದ್ದುಪಡಿಯಿಂದ ನಮ್ಮ ಕಡೆಗೂ ಹಬ್ಬಿತು. ಮುಂಬೈ ಪ್ರಾಂತ್ಯದಲ್ಲಿ ಹರಣಶಿಕಾರಿ, ಘಂಟಿಚೋರ, ಕೊರವ, ಛಪ್ಪರಬಂದ್ ಮೊದಲಾದ ಸಮುದಾಯಗಳು ಪಟ್ಟಿಗೆ ಸೇರಿದವು. ವಿಜಯಪುರ, ಹುಬ್ಬಳ್ಳಿ, ಗದಗ–ಬೆಟಗೇರಿಗಳಲ್ಲಿ ಸೆಟ್ಲಮೆಂಟುಗಳು ಎದ್ದವು. ಒಳಗಿದ್ದವರಿಗೆ ಹಾಜರಿ ಕಡ್ಡಾಯ, ಗಡಿ ದಾಟಲು ಪಾಸು ಕಡ್ಡಾಯ, ಮಕ್ಕಳನ್ನು ತಂದೆತಾಯಿಯಿಂದ ಬೇರ್ಪಡಿಸುವ ಅಧಿಕಾರವೂ ಕಾನೂನಿನಲ್ಲಿತ್ತು. ಒಬ್ಬ ವ್ಯಕ್ತಿ ಏನು ಮಾಡಿದ ಎಂಬುದಕ್ಕೆ ಅಲ್ಲಿ ಬೆಲೆಯಿರಲಿಲ್ಲ. ಯಾರ ಹೊಟ್ಟೆಯಲ್ಲಿ ಹುಟ್ಟಿದ ಎಂಬುದೇ ಪುರಾವೆಯಾಗಿತ್ತು. ದೇಶಕ್ಕೆ ಸ್ವಾತಂತ್ರ್ಯ ಬಂದು, ದೇಶದಲ್ಲೆಲ್ಲ ಓಡಾಡುವ, ನೆಲೆಸುವ ಹಕ್ಕು ಸಂವಿಧಾನದ 19ನೇ ವಿಧಿಯಲ್ಲಿ ಬಂದ ಮೇಲೂ ಆ ಕಾಯ್ದೆ ದೇಶಮಟ್ಟದಲ್ಲಿ ರದ್ದಾಗಲು 1952ರ ಆಗಸ್ಟ್ 31 ಬರಬೇಕಾಯಿತು. ಕಾಯ್ದೆ ಹೋಯಿತು. ನೆಲೆಯಿಲ್ಲದವನನ್ನು ಮೊದಲು ಠಾಣೆಗೆ ಕರೆಯುವ ರೂಢಿ ಹೋಗಲಿಲ್ಲ.

1961ರ ಡಿಸೆಂಬರಿನಲ್ಲಿ ಗೋವಾ ಬಿಡುಗಡೆಯಾದ ನಂತರ ಅಲ್ಲಿ ಕೆಲಸಕ್ಕೆ ಜನ ಬೇಕಾದರು. ಅದಿರಿನ ಗಣಿ, ಮುರಗಾಂವ ಬಂದರು, ಝುವಾರಿನಗರದ ಗೊಬ್ಬರದ ಕಾರ್ಖಾನೆ, ಆಮೇಲೆ ಹೋಟೆಲು, ರಸ್ತೆ, ಬಹುಮಹಡಿ ಕಟ್ಟಡ. ಕರೆದವರು ಗುತ್ತಿಗೆದಾರರು, ಹೋದವರು ಗದಗ, ಕೊಪ್ಪಳ, ವಿಜಯಪುರ, ಬಾಗಲಕೋಟೆಯ ಬಡವರು. ವಾಸ್ಕೊದ ಬೈನಾ, ಮಡಗಾಂವದ ಮೋತಿ ಡೊಂಗರದಂಥ ಕಡೆಗಳಲ್ಲಿ ಕನ್ನಡದ ಕೇರಿಗಳು ಬೆಳೆದವು. ಅಂಜುನಾ, ಕಲಂಗುಟದ ಮರಳಿನ ಮೇಲೆ ಲಂಬಾಣಿ ಹೆಣ್ಣುಮಕ್ಕಳು ಕಸೂತಿ ಚೀಲ, ಮಣಿಸರ ಮಾರಿದರು. 2011ರ ಜನಗಣತಿಯಂತೆ ಗೋವಾದ 14.58 ಲಕ್ಷ ಜನರಲ್ಲಿ ಕನ್ನಡವನ್ನು ತಾಯ್ನುಡಿ ಎಂದು ಬರೆಸಿದವರು ನೂರಕ್ಕೆ ಸುಮಾರು 4.6. ಗಣತಿಯವರು ಬಂದಾಗ ಊರಿಗೆ ಹೋಗಿದ್ದವರು ಇದರಲ್ಲಿಲ್ಲ.

ಇಷ್ಟು ಜನರನ್ನು ಒಂದೇ ಬೈಗುಳಕ್ಕೆ ಇಳಿಸಲಾಯಿತು: ‘ಘಾಟಿ’, ಅಂದರೆ ಘಟ್ಟದ ಆಚೆಯವನು. ಬೈನಾದ ಕಥೆಯಲ್ಲಿ ಅದರ ಪರಿಣಾಮ ಎದ್ದು ಕಾಣುತ್ತದೆ. ಆ ಕಡಲದಂಡೆಯಲ್ಲಿ ವೇಶ್ಯಾವಾಟಿಕೆ ನಡೆಯುತ್ತಿದ್ದುದು ನಿಜ. ಅದಕ್ಕೆ ಸಿಕ್ಕಿಬಿದ್ದವರಲ್ಲಿ ಕರ್ನಾಟಕ, ಆಂಧ್ರದ ಬಡ ಹೆಣ್ಣುಮಕ್ಕಳಿದ್ದುದೂ ನಿಜ. ಅದೇ ದಂಡೆಯಲ್ಲಿ ಬಂದರಿನ ಹಮಾಲರು, ಗೌಂಡಿಗಳು, ಮೀನು ಹೊರುವವರು, ಅವರ ಶಾಲೆಗೆ ಹೋಗುವ ಮಕ್ಕಳು ಇದ್ದುದೂ ಅಷ್ಟೇ ನಿಜ. 2003ರಲ್ಲಿ ಬಾಂಬೆ ಹೈಕೋರ್ಟ್ ಲೈಂಗಿಕ ವೃತ್ತಿಯ ಮಹಿಳೆಯರ ರಕ್ಷಣೆ ಮತ್ತು ಪುನರ್ವಸತಿಯ ಬಗ್ಗೆ ಆದೇಶ ಕೊಟ್ಟಿತು. 2004ರ ಜೂನ್‌ನಲ್ಲಿ, ಮಳೆಗಾಲದ ಹೊಸ್ತಿಲಲ್ಲಿ, ಬುಲ್ಡೋಜರು ಬಂತು. ಪುನರ್ವಸತಿ ಹಿಂದೆ ಬಿತ್ತು, ನೆಲಸಮ ಮುಂದೆ ನಡೆಯಿತು. ಒಂದು ಕೇರಿಗೆ ಅಂಟಿದ ಹೆಸರು ಅಲ್ಲಿದ್ದ ಎಲ್ಲರ ಹೆಸರಾಯಿತು. ಬೈನಾದಿಂದ ಬಂದವಳು ಎಂದರೆ ಊರಿನಲ್ಲೂ ಹುಬ್ಬು ಏರಿಸುವವರಿದ್ದರು. ಆ ಗುಮಾನಿಯಲ್ಲಿ ನಮ್ಮ ಪಾಲೂ ಇದೆ ಎಂದು ಒಪ್ಪಿಕೊಳ್ಳಬೇಕು.

ಅಪರಾಧದ ಆರೋಪ ಅಧಿಕಾರದ ಬಾಯಿಂದಲೂ ಬಂದಿದೆ. 2023ರ ಕಾರ್ಮಿಕ ದಿನದಂದೇ ಗೋವಾದ ಮುಖ್ಯಮಂತ್ರಿ ಪ್ರಮೋದ್ ಸಾವಂತ್, ರಾಜ್ಯದ ಅಪರಾಧಗಳಲ್ಲಿ ನೂರಕ್ಕೆ ತೊಂಬತ್ತರಷ್ಟನ್ನು ಬಿಹಾರ, ಉತ್ತರ ಪ್ರದೇಶದಂಥ ಹೊರರಾಜ್ಯಗಳ ಕೂಲಿಕಾರರು ಎಸಗುತ್ತಾರೆ ಎಂದರು. ಇಂಥ ಮಾತಿನ ಹಿಂದಿನ ಲೆಕ್ಕ ಬಂಧನದ್ದೋ ಶಿಕ್ಷೆಯದೋ ಎಂದು ಕೇಳುವುದು ಸಂಶೋಧಕನ ಮೊದಲ ಕೆಲಸ. ಯಾರನ್ನು ಹೆಚ್ಚು ತಡೆದು ವಿಚಾರಿಸುತ್ತಾರೋ ಅವರೇ ಬಂಧಿತರ ಪಟ್ಟಿಯಲ್ಲಿ ಹೆಚ್ಚಾಗುತ್ತಾರೆ. ಜಾಮೀನಿಗೆ ಸ್ಥಳೀಯ ಜನ ಸಿಗದವರೇ ಜೈಲಿನಲ್ಲಿ ಹೆಚ್ಚು ದಿನ ಉಳಿಯುತ್ತಾರೆ. ಅಮೆರಿಕದಲ್ಲಿ ಇದೇ ಆರೋಪವನ್ನು ಅಲ್ಲಿಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು ಪರಿಶೀಲಿಸಿ 2015ರಲ್ಲಿ ವರದಿ ಕೊಟ್ಟವು: ವಲಸೆ ಬಂದವರು ಅಪರಾಧ ಎಸಗುವ ಸಾಧ್ಯತೆ ಅಲ್ಲೇ ಹುಟ್ಟಿದವರಿಗಿಂತ ಕಡಿಮೆ.

ರೋಗದ ಆರೋಪ ಇನ್ನೂ ಕ್ರೂರ. ಗೋವಾದಲ್ಲಿ ಮಲೇರಿಯಾ ಹೆಚ್ಚಿದಾಗ ಕಟ್ಟಡ ಕೆಲಸಗಾರರಿಗೆ ಆರೋಗ್ಯ ಕಾರ್ಡು ಕಡ್ಡಾಯವಾಯಿತು. ರಕ್ತ ಪರೀಕ್ಷೆ ಒಳ್ಳೆಯದೇ. ಸೊಳ್ಳೆ ಬೆಳೆಯುವುದಾದರೋ ಕಾಂಕ್ರೀಟಿಗೆ ನೀರುಣಿಸಲು ನಿಲ್ಲಿಸಿದ ನೀರಿನಲ್ಲಿ, ಆ ನೀರಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ಮಲಗುವವನು ಕೂಲಿಯವನು. ಮೊದಲು ಕಚ್ಚಿಸಿಕೊಳ್ಳುವವನನ್ನೇ ರೋಗ ತಂದವನೆಂದು ಕರೆದರು.

ಸವಲತ್ತು ತಿನ್ನುವವರು ಎಂಬ ಮಾತಂತೂ ಲೆಕ್ಕದ ಮುಂದೆ ನಿಲ್ಲುವುದಿಲ್ಲ. 1996ರ ಕಾನೂನಿನಿಂದ ಶುರುವಾದ ನಿಯಮದಂತೆ ಪ್ರತಿ ದೊಡ್ಡ ಕಟ್ಟಡದ ವೆಚ್ಚದಲ್ಲಿ ಸೆಸ್ ಕತ್ತರಿಸಿ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಕಟ್ಟಬೇಕು. ಆ ಹಣದಿಂದ ನೆರವು ಪಡೆಯಲು ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ದುಡಿದ ಪುರಾವೆ ಬೇಕು. ವರ್ಷಕ್ಕೆ ಹಲವು ಸೈಟು ಬದಲಿಸುವವನಿಗೆ ಆ ಪುರಾವೆ ಬರೆದುಕೊಡುವವರು ಯಾರು? ಅವನ ಬೆವರಿನ ಮೇಲೆ ಕತ್ತರಿಸಿದ ಹಣ ಅವನಿಗೇ ತಲುಪದೆ ಉಳಿಯುತ್ತದೆ. ದಯಾನಂದ ಸಾಮಾಜಿಕ ಭದ್ರತೆಯಂಥ ಗೋವಾದ ಯೋಜನೆಗಳಿಗೆ 15 ವರ್ಷದ ವಾಸದ ದಾಖಲೆ ಬೇಕು. ಅಂದರೆ ವಲಸಿಗ ಕೊಡುವ ಕಡೆ ಮೊದಲ ದಿನದಿಂದಲೇ ಇದ್ದಾನೆ, ಪಡೆಯುವ ಕಡೆ ಹದಿನೈದು ವರ್ಷ ಹೊರಗಿದ್ದಾನೆ.

ದಾಖಲೆ ಬರೆಯುವ ಕಾನೂನು ಇರಲಿಲ್ಲವೇ? ಇತ್ತು. ಒಡಿಶಾದಲ್ಲಿ ಮುಂಗಡ ಕೊಟ್ಟು ಒಯ್ಯುತ್ತಿದ್ದ ‘ದಾದನ್’ ಕೂಲಿಗಳ ಶೋಷಣೆ ಬೆಳಕಿಗೆ ಬಂದ ಮೇಲೆ 1979ರಲ್ಲಿ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಬಂತು. ಐದು ಅಥವಾ ಹೆಚ್ಚು ವಲಸೆ ಕಾರ್ಮಿಕರಿದ್ದ ಕಡೆ ಮಾಲೀಕ ನೋಂದಣಿ ಮಾಡಿಸಬೇಕು, ಗುತ್ತಿಗೆದಾರ ಪರವಾನಗಿ ಪಡೆಯಬೇಕು. ತಿಂಗಳ ಕೂಲಿಯ ಅರ್ಧದಷ್ಟು ಸ್ಥಳಾಂತರ ಭತ್ಯೆ, ಹೋಗಿಬರುವ ಖರ್ಚು, ಇರಲು ಜಾಗ, ಔಷಧಿ. ಎಲ್ಲಕ್ಕಿಂತ ಮುಖ್ಯವಾಗಿ ಪ್ರತಿ ಕಾರ್ಮಿಕನಿಗೂ ಫೋಟೋ ಅಂಟಿಸಿದ ಪಾಸ್‌ಬುಕ್ಕು, ಅದು ಅವನ ಭಾಷೆಯಲ್ಲೂ ಇರಬೇಕು. ಈ ಕಾನೂನು ಅಕ್ಷರಶಃ ನಡೆದಿದ್ದರೆ ಗುತ್ತಿಗೆದಾರನ ಕೈಕೆಳಗೆ ಗೋವಾಕ್ಕೆ ಹೋದ ಪ್ರತಿ ಕನ್ನಡದ ಕೂಲಿಯ ಜೇಬಿನಲ್ಲೂ ಕನ್ನಡದಲ್ಲಿ ಬರೆದ ಒಂದು ಪುಸ್ತಕ ಇರಬೇಕಿತ್ತು. ಬರೆಯದೆ ತಪ್ಪಿಸಿಕೊಂಡವರು ಗುತ್ತಿಗೆದಾರರು ಮತ್ತು ಮಾಲೀಕರು, ನೋಡದೆ ಬಿಟ್ಟವರು ಅಧಿಕಾರಿಗಳು. ‘ದಾಖಲೆಯಿಲ್ಲದವನು’ ಎಂಬ ಪಟ್ಟ ಬಿದ್ದದ್ದು ಕೂಲಿಯವನಿಗೆ.

ಕಾನೂನಿನಲ್ಲಿಯೇ ತೂತುಗಳಿದ್ದವು. ತಾನಾಗಿ ಬಸ್ಸು ಹತ್ತಿ ಹೋದವನು ಅದರೊಳಗೆ ಬರಲಿಲ್ಲ. ಮುಶಿಗೇರಿಯಿಂದ ಮಂಗಳೂರಿಗೆ ಹೋದವನು ರಾಜ್ಯದ ಗಡಿಯನ್ನೇ ದಾಟದ ಕಾರಣ ಅವನಿಗೂ ಅದು ಅನ್ವಯಿಸಲಿಲ್ಲ. ಈಗ ಅದರ ಜಾಗಕ್ಕೆ ಬಂದಿರುವ 2020ರ ಕಾರ್ಮಿಕ ಸಂಹಿತೆ ತಾನಾಗಿ ಹೋದವನನ್ನು ವಲಸೆ ಕಾರ್ಮಿಕನೆಂದು ಗುರುತಿಸುತ್ತದೆ. ಅದು ನಿಜವಾದ ಮುನ್ನಡೆ. ಮಿತಿಯನ್ನು ಐದರಿಂದ ಹತ್ತಕ್ಕೆ ಏರಿಸಿದ್ದು ಮಾತ್ರ ಹಿನ್ನಡೆ. ಒಬ್ಬ ಮೇಸ್ತ್ರಿಯ ಕೈಕೆಳಗಿನ ಆರೇಳು ಜನರ ಗುಂಪು ಮತ್ತೆ ಲೆಕ್ಕದ ಹೊರಗೆ ಬೀಳುತ್ತದೆ.

2020 ಇನ್ನೂ ಎರಡು ಪಾಠ ಹೇಳಿತು. ಲಾಕ್‌ಡೌನಿನ ನಡುವೆ, ಮೇ ಮೊದಲ ವಾರ, ಕರ್ನಾಟಕ ಸರ್ಕಾರ ಕಟ್ಟಡ ಉದ್ಯಮಿಗಳ ಜೊತೆ ಸಭೆ ನಡೆಸಿದ ಬೆನ್ನಿಗೇ ವಲಸೆ ಕಾರ್ಮಿಕರನ್ನು ಊರಿಗೆ ಒಯ್ಯುವ ರೈಲುಗಳನ್ನು ರದ್ದು ಮಾಡಿ, ಟೀಕೆ ಬಂದ ಮೇಲೆ ಮತ್ತೆ ಬಿಟ್ಟಿತು. ದುಡಿಯಲು ಬೇಕು, ಹಕ್ಕುದಾರನಾಗಿ ಬೇಡ ಎಂಬುದು ಯಾವುದೋ ಒಂದು ರಾಜ್ಯದ ಗುಣವಲ್ಲ. ಅದಕ್ಕೂ ಮೊದಲು ಜನವರಿಯಲ್ಲಿ, ಬೆಂಗಳೂರಿನ ಬೆಳ್ಳಂದೂರು ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ, ಬಾಂಗ್ಲಾದೇಶದ ಅಕ್ರಮ ವಲಸಿಗರು ಎಂಬ ಹೆಸರಿನಲ್ಲಿ ಗುಡಿಸಲುಗಳನ್ನು ಕೆಡವಿದರು. ಬೀದಿಗೆ ಬಿದ್ದವರಲ್ಲಿ ಅಸ್ಸಾಂ, ತ್ರಿಪುರದವರಿದ್ದರು, ನಮ್ಮ ಉತ್ತರ ಕರ್ನಾಟಕದವರೂ ಇದ್ದರು. ಹೈಕೋರ್ಟ್ ತೆರವು ತಡೆದು, ಪೊಲೀಸರ ಕ್ರಮ ಕಾನೂನಿಗೆ ಒಪ್ಪುವಂಥದಲ್ಲ ಎಂದು ಕಂಡಿತು. ಹೊರಗಿನವನೆಂದು ಒಬ್ಬನನ್ನು ಹುಡುಕಲು ಹೊರಟ ಬುಲ್ಡೋಜರು ಬಡವನ ಜಿಲ್ಲೆ ಕೇಳಿ ನಿಲ್ಲುವುದಿಲ್ಲ. 2025ರಲ್ಲಿ ಬಂಗಾಳಿ ಮಾತಾಡುವ ಕೆಲವು ಭಾರತೀಯ ಕೂಲಿಗಳನ್ನು ಗಡಿಯಾಚೆ ದಬ್ಬಿ, ಆಮೇಲೆ ವಾಪಸು ಕರೆಸಿಕೊಳ್ಳಬೇಕಾಯಿತು.

ನಿಜಕ್ಕೂ ಪರದೇಶದಿಂದ ಬಂದವರ ವಿಷಯವನ್ನು ತಪ್ಪಿಸಿಕೊಳ್ಳಲಾಗದು. 1946ರ ವಿದೇಶಿಯರ ಕಾಯ್ದೆಯಲ್ಲಿ ತಾನು ವಿದೇಶಿಯಲ್ಲ ಎಂದು ಸಾಬೀತುಪಡಿಸುವ ಹೊಣೆ ಆರೋಪಿತನದೇ ಆಗಿತ್ತು. ಅದರ ಬದಲಿಗೆ 2025ರಲ್ಲಿ ಬಂದ ಕಾನೂನಿನಲ್ಲೂ ಅದು ಹಾಗೆಯೇ ಇದೆ. ಕಾಗದ ಹುಳು ತಿಂದ, ಮಳೆಗೆ ತೋಯ್ದ ಬಡ ಮನೆಗಳಿಗೆ ಈ ಹೊಣೆ ಹೊರಲಾರದಷ್ಟು ಭಾರ. ರಾಯಚೂರು ಜಿಲ್ಲೆಯ ಸಿಂಧನೂರಿನ ಆರ್‌ಎಚ್ (ಪುನರ್ವಸತಿ) ಕ್ಯಾಂಪುಗಳಲ್ಲಿ ಪೂರ್ವ ಬಂಗಾಳದಿಂದ ಬಂದವರನ್ನು ಸರ್ಕಾರವೇ ನೆಲೆಗೊಳಿಸಿತು. ಅವರು ಅಲ್ಲಿ ಭತ್ತ ಬೆಳೆದರು, ಮಕ್ಕಳು ಕನ್ನಡ ಕಲಿತರು, ಆದರೂ ಅನೇಕರು ದಶಕಗಳ ಕಾಲ ಪೌರತ್ವಕ್ಕೆ ಕಾದರು. ಅಮೆರಿಕ 1986ರಲ್ಲಿ ಒಂದು ಕಾನೂನು ತಂದು ದಾಖಲೆಯಿಲ್ಲದ ಸುಮಾರು 27 ಲಕ್ಷ ಜನರಿಗೆ ನೆಲೆಸುವ ಹಕ್ಕು ಕೊಟ್ಟಿತು. ದೀರ್ಘಕಾಲ ದುಡಿದವನಿಗೆ ಕಾನೂನಿನೊಳಗೆ ಬರಲು ಒಂದು ಬಾಗಿಲು ತೆರೆಯುವುದು ಆಗದ ಮಾತಲ್ಲ.

ಗೋವಾದವರ ಆತಂಕವೂ ನಿಜವಾದದ್ದೇ. ರಾಜ್ಯ ಚಿಕ್ಕದು, ನೆಲ ಕಡಿಮೆ, ಕೊಂಕಣಿಗೆ ಒತ್ತಡವಿದೆ. ಆದರೆ ನೆಲದ ಬೆಲೆ ಏರಿಸಿದವನು ಗುಡಿಸಲಿನವನಲ್ಲ. 2021ರ ಜುಲೈಯಲ್ಲಿ ಗೋವಾ ವಿಧಾನಸಭೆ 30 ವರ್ಷದಿಂದ ಇರುವವರಿಗೆ 250 ಚದರ ಮೀಟರ್‌ವರೆಗಿನ ಮನೆಯ ಒಡೆತನ ಕೊಡುವ ಭೂಮಿಪುತ್ರ ಅಧಿಕಾರಿಣಿ ಮಸೂದೆಯನ್ನು ಒಪ್ಪಿತು. ವಲಸಿಗರಿಗೆ ಲಾಭವಾದೀತು ಎಂಬ ವಿರೋಧ ಎದ್ದಿತು, ಮಸೂದೆ ಜಾರಿಯಾಗಲಿಲ್ಲ. ಮೂವತ್ತು ವರ್ಷವೂ ಸಾಲದಾದರೆ ಎಷ್ಟು ಸಾಕು ಎಂದು ಹೇಳುವ ಹೊಣೆ ವಿರೋಧಿಸಿದವರ ಮೇಲಿದೆ.

ಊರಲ್ಲಿ ದಾಖಲೆ ಕೊಡುವುದೂ ತಡವಾಗಿಯೇ ಬಂತು. ಕಂದಾಯ ದಾಖಲೆಯಲ್ಲಿಲ್ಲದ ಲಂಬಾಣಿ ತಾಂಡಾಗಳನ್ನು ಕಂದಾಯ ಗ್ರಾಮವೆಂದು ಘೋಷಿಸಿ, 2023ರ ಜನವರಿಯಲ್ಲಿ ಮಳಖೇಡದಲ್ಲಿ ಪ್ರಧಾನಿ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಹಂಚುವ ಕಾರ್ಯಕ್ರಮ ನಡೆಸಿದರು. ತಲೆಮಾರುಗಳ ಕಾಲ ತಮ್ಮ ಮನೆಯಲ್ಲೇ ದಾಖಲೆಯಿಲ್ಲದೆ ಇದ್ದವರು ಪರಊರಿನಲ್ಲಿ ವಾಸದ ಪುರಾವೆ ತೋರಿಸಲಿ ಎಂದರೆ ಎಲ್ಲಿಂದ ತಂದಾರು? ಪಡಿತರ ಮಾತ್ರ ಸ್ವಲ್ಪ ಸಡಿಲಾಗಿದೆ. ‘ಒಂದು ದೇಶ ಒಂದು ಪಡಿತರ ಚೀಟಿ’ ವ್ಯವಸ್ಥೆಗೆ 2020ರ ಜನವರಿಯಲ್ಲಿ ಕೂಡಿಕೊಂಡ ರಾಜ್ಯಗಳಲ್ಲಿ ಕರ್ನಾಟಕವೂ ಗೋವಾವೂ ಇದ್ದವು. ಅಕ್ಕಿ ಗಡಿ ದಾಟಬಹುದಾದರೆ ಕಲ್ಯಾಣ ಮಂಡಳಿಯ ನೋಂದಣಿ, ಮಕ್ಕಳ ಶಾಲೆಯ ದಾಖಲೆ, ಮತದಾನದ ಅವಕಾಶ ಯಾಕೆ ದಾಟಬಾರದು?

ಇಟ್ಟಿಗೆ ಭಟ್ಟಿಯ ಕೂಲಿಗಳ ಸಲುವಾಗಿ ಒಡಿಶಾ ಮತ್ತು ಆಂಧ್ರಪ್ರದೇಶ 2012ರಲ್ಲಿ ಪರಸ್ಪರ ಒಪ್ಪಂದ ಮಾಡಿಕೊಂಡವು. ಕರ್ನಾಟಕ ಮತ್ತು ಗೋವಾದ ನಡುವೆ ಅದಕ್ಕಿಂತ ಗಟ್ಟಿಯಾದ ಒಪ್ಪಂದ ಆಗಬೇಕು. ಹೊರಡುವ ಮುನ್ನ ಗ್ರಾಮ ಪಂಚಾಯಿತಿಯಲ್ಲಿ ಹೆಸರು ಬರೆಸುವ ಅವಕಾಶ ಇರಲಿ, ಆ ನೋಂದಣಿಯೇ ಗೋವಾದ ಕಾರ್ಮಿಕ ಇಲಾಖೆಯಲ್ಲೂ ನಡೆಯಲಿ, ಪೊಲೀಸರ ಕೈಗೆ ಮಾತ್ರ ಅದು ಹೋಗದಿರಲಿ. ಸೆಟ್ಲಮೆಂಟಿನ ಹಾಜರಿ ಪುಸ್ತಕದ ಚರಿತ್ರೆ ಗೊತ್ತಿರುವ ಈ ಸೀಮೆಯ ಜನ ಆ ಷರತ್ತು ಕೇಳುವುದು ಸರಿಯೇ. ಕಾಗದ ಇಲ್ಲದಿದ್ದರೆ ದಂಡ ಗುತ್ತಿಗೆದಾರನಿಗೂ ಮಾಲೀಕನಿಗೂ ಬೀಳಲಿ. ಗುಡಿಸಲು ಕೆಡವುವ ಮುನ್ನ ಲಿಖಿತ ನೋಟಿಸು, ವಿಚಾರಣೆ, ಬೇರೆ ಜಾಗ ಇರಲಿ, ಮತ್ತು ಮಳೆಗಾಲದಲ್ಲಿ ತೆರವು ಪೂರ್ತಿ ನಿಷಿದ್ಧವಾಗಲಿ.