ಕೊಡಗೆಯಿಂದ ಕಡಿತದವರೆಗೆ: ಸರ್ಕಾರಿ ಪಿಂಚಣಿಯ ಹಿನ್ನೆಲೆ

ಹೋರಾಡಿ ಮಡಿದವನ ಮನೆಮಂದಿಗೆ ಆಳುವವರು ಬಿಟ್ಟುಕೊಡುತ್ತಿದ್ದ ಭೂಮಿಯನ್ನು ಕನ್ನಡ ಶಾಸನಗಳು ನೆತ್ತರುಕೊಡಗೆ ಅಥವಾ ರಕ್ತಕೊಡಗೆ ಎಂದು ಕರೆಯುತ್ತವೆ. ಆದರೆ ಕೊಡಗೆಯು ಒಂದು ಪರಾಕ್ರಮಕ್ಕೆ ಸಂದ ಮನ್ನಣೆಯಾಗಿದ್ದರೆ, ಪಿಂಚಣಿಯು ದುಡಿದ ವರ್ಷಗಳ ಲೆಕ್ಕಕ್ಕೆ ಸಲ್ಲುವ ಹಣವಾದುದರಿಂದ, ಎರಡನೆಯದು ನೆಲೆಯೂರಲು ಕಾಗದಪತ್ರಗಳ ಆಡಳಿತವೇ ಬರಬೇಕಾಯಿತು. ಬ್ರಿಟಿಷ್ ಇಂಡಿಯಾದ 1871ರ ಪಿಂಚಣಿ ಕಾಯಿದೆಯು ಸಾಲಗಾರರು ಈ ಹಣವನ್ನು ಜಪ್ತಿ ಮಾಡದಂತೆ ರಕ್ಷಣೆ ನೀಡಿತಾದರೂ, ಅದಕ್ಕಾಗಿ ಸರ್ಕಾರದ ಮೇಲೆ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡುವ ದಾರಿಯನ್ನು ಬಹುಮಟ್ಟಿಗೆ ಮುಚ್ಚಿತು. ಕೊಟ್ಟದ್ದನ್ನು ಯಾರೂ ಕಸಿಯುವಂತಿರಲಿಲ್ಲ, ಕೊಡದಿದ್ದರೆ ಕೇಳುವಂತೆಯೂ ಇರಲಿಲ್ಲ.

ಪಿಂಚಣಿಯು ಸಾಮಾನ್ಯವಾಗಿ ನೌಕರನ ಉಸಿರಿರುವವರೆಗೆ ಮಾತ್ರ ನಡೆಯುತ್ತಿದ್ದ ಕಾಲದಲ್ಲಿ, ಅವನು ನಡುವೆಯೇ ತೀರಿಕೊಂಡರೆ ಸಂಸಾರದ ಗತಿಯೇನು ಎಂಬ ಪ್ರಶ್ನೆ ಉಳಿದೇ ಇತ್ತು. ಹತ್ತನೆಯ ಚಾಮರಾಜ ಒಡೆಯರು ಅರಸರಾಗಿಯೂ ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿಯೂ ಇದ್ದ 1891ರಲ್ಲಿ ಮೈಸೂರು ಸಂಸ್ಥಾನವು ತನ್ನ ನೌಕರರಿಗಾಗಿ ಆರಂಭಿಸಿದ ಜೀವವಿಮೆಯು ಈ ಕೊರತೆಯನ್ನು ತುಂಬುವಂಥದು. ಸಂಬಳ ಕೈಗೆ ಸೇರುವ ಮೊದಲೇ ಕಂತು ಕಡಿತವಾಗುವ ಈ ಏರ್ಪಾಡು, 1956ರಲ್ಲಿ ಜೀವವಿಮೆ ರಾಷ್ಟ್ರೀಕರಣಗೊಂಡ ಮೇಲೂ ಅಳಿಯದೆ, ನೌಕರರ ಬಾಯಲ್ಲಿ ‘ಕೆಜಿಐಡಿ’ ಆಗಿರುವ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯಾಗಿ ಇಂದಿಗೂ ವೇತನದ ಬಿಲ್ಲಿನಲ್ಲಿ ಒಂದು ಸಾಲನ್ನು ಉಳಿಸಿಕೊಂಡಿದೆ. ಕುಟುಂಬ ಪಿಂಚಣಿಯ ನಿಯಮಗಳು ರಾಜ್ಯದಲ್ಲಿ ರೂಪುಗೊಂಡದ್ದು 1964ರಲ್ಲಿ ಎಂಬುದನ್ನು ನೆನೆದರೆ, ಮೈಸೂರಿನ ದೂರದೃಷ್ಟಿ ಸಣ್ಣದೇನಲ್ಲ.

ಈ ಸೌಲಭ್ಯಗಳೆಲ್ಲದರ ಆಧಾರವಾದ ಸೇವಾ ಪುಸ್ತಕದಲ್ಲಿ ಜನ್ಮದಿನಾಂಕ, ಮೈಮೇಲಿನ ಮಚ್ಚೆ, ಬಡ್ತಿ, ಪಡೆದ ರಜೆ ಎಲ್ಲವೂ ಮೇಲಧಿಕಾರಿಯ ಸಹಿಯೊಂದಿಗೆ ನಮೂದಾಗಿರಬೇಕು. ಪಿಂಚಣಿಗೆ ಲೆಕ್ಕಕ್ಕೆ ಬರುವ ಅವಧಿ, ಅಂದರೆ ಅರ್ಹತಾದಾಯಕ ಸೇವೆ, ಈ ನಮೂದುಗಳಿಂದಲೇ ನಿರ್ಧಾರವಾಗುವುದರಿಂದ, ಎಂದೋ ಬಿಟ್ಟುಹೋದ ಒಂದು ಸಹಿಯು ಮೂವತ್ತು ವರ್ಷ ದುಡಿದವರನ್ನೂ ಮತ್ತೆ ಹಳೆಯ ಕಚೇರಿಗಳ ಮೆಟ್ಟಿಲು ಹತ್ತಿಸಬಲ್ಲದು.

ಪಿಂಚಣಿ ಸರ್ಕಾರದ ಕೃಪೆಯಲ್ಲ, ಹಕ್ಕು ಎಂಬ ಮಾತನ್ನು ಸರ್ವೋಚ್ಚ ನ್ಯಾಯಾಲಯವು 1971ರಲ್ಲೇ ಆಡಿತ್ತು. ಕೇಂದ್ರದ ಉದಾರೀಕೃತ ಪಿಂಚಣಿ ಸೂತ್ರವನ್ನು 1979ರ ಮಾರ್ಚ್ 31ರಿಂದೀಚೆಗೆ ನಿವೃತ್ತರಾದವರಿಗೆ ಮಾತ್ರ ಅನ್ವಯಿಸಿದ್ದನ್ನು ಪ್ರಶ್ನಿಸಿದ ಡಿ.ಎಸ್. ನಕಾರಾ ಪ್ರಕರಣದಲ್ಲಿ, 1982ರ ಡಿಸೆಂಬರ್ 17ರಂದು, ಒಂದೇ ಬಗೆಯ ನಿವೃತ್ತರನ್ನು ದಿನಾಂಕದ ಗೆರೆಯೆಳೆದು ಒಡೆಯುವುದು ಸಮಾನತೆಗೆ ವಿರುದ್ಧವೆಂದು ನ್ಯಾಯಾಲಯ ತೀರ್ಪಿತ್ತಿತು. ಆ ದಿನವನ್ನು ಪಿಂಚಣಿದಾರರು ಇಂದೂ ತಮ್ಮ ದಿನವೆಂದು ಆಚರಿಸುತ್ತಾರೆ.

ಆದರೂ ಗೆರೆಗಳು ನಿಲ್ಲಲಿಲ್ಲ. ಕೇಂದ್ರವು 2004ರ ಜನವರಿ 1ರಿಂದಲೂ ಕರ್ನಾಟಕವು 2006ರ ಏಪ್ರಿಲ್ 1ರಿಂದಲೂ ಸೇವೆಗೆ ಸೇರುವವರಿಗೆ ಹೊಸ ಪಿಂಚಣಿ ಯೋಜನೆಯನ್ನು ತಂದವು. ಇದರಲ್ಲಿ ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇ. 10ರಷ್ಟು ನೌಕರರ ಸಂಬಳದಿಂದ ಕಡಿತಗೊಂಡು, ಸರ್ಕಾರದ ವಂತಿಗೆಯೊಂದಿಗೆ ಮಾರುಕಟ್ಟೆಯಲ್ಲಿ ಹೂಡಿಕೆಯಾಗುತ್ತದೆ; ನಿವೃತ್ತಿಯ ವೇಳೆಗೆ ಕೂಡಿದ ಮೊತ್ತದ ಕನಿಷ್ಠ ಶೇ. 40ರಿಂದ ವರ್ಷಾಶನವನ್ನು, ಎಂದರೆ ಬದುಕಿರುವವರೆಗೆ ನಿಗದಿತವಾಗಿ ಬರುವ ಹಣವನ್ನು, ಕೊಂಡುಕೊಳ್ಳಬೇಕಾಗುತ್ತದೆ. ಒಂದು ಕಾಲಕ್ಕೆ ದೊರೆಗಳು ಕರುಣಿಸುತ್ತಿದ್ದ ವರ್ಷಾಶನ ಈಗ ಖರೀದಿಯ ಸರಕು. ನೇಮಕಾತಿಯ ಅಧಿಸೂಚನೆ ಆ ಏಪ್ರಿಲ್‌ಗೆ ಮೊದಲೇ ಹೊರಟಿದ್ದು, ಆದೇಶ ಕೈಸೇರುವಾಗ ಗೆರೆಯ ಆಚೆಗೆ ಉಳಿದುಹೋದವರಿಗೆ ಹಳೆಯ ಪಿಂಚಣಿಯನ್ನು ಆಯ್ದುಕೊಳ್ಳಲು ರಾಜ್ಯ ಸರ್ಕಾರ ಅವಕಾಶವಿತ್ತದ್ದು 2024ರ ಜನವರಿಯಲ್ಲಿ.