ಬಳಸಿದ ಕೃಷಿ ಯಂತ್ರಗಳ ರಸ್ತೆ ಸಾಗಣೆ

ದೂರದ ಊರಿನಲ್ಲಿ ಕೊಂಡ ಹಳೆಯ ಟ್ರ್ಯಾಕ್ಟರ್, ಕಟಾವು ಯಂತ್ರ ಮೊದಲಾದವುಗಳನ್ನು ರಸ್ತೆ ಮಾರ್ಗವಾಗಿ ತರುವ ಕ್ರಮವೇ ಬಳಸಿದ ಕೃಷಿ ಯಂತ್ರಗಳ ರಸ್ತೆ ಸಾಗಣೆ. ಟ್ರ್ಯಾಕ್ಟರಿನ ವೇಗ ಕಡಿಮೆ. ದೂರ ಓಡಿಸಿದರೆ ಟೈರುಗಳೂ ಸವೆಯುತ್ತವೆ. ಆದ್ದರಿಂದ ಅದನ್ನು ಲಾರಿಯಲ್ಲಿ ಹೇರಿ ತರುವುದು ವಾಡಿಕೆ.

ಹೇರುವಿಕೆ

ಯಂತ್ರವನ್ನು ಇಳಿಜಾರು ಹಲಗೆ ಅಥವಾ ಮಣ್ಣಿನ ದಿಬ್ಬದ ಮೂಲಕ ಲಾರಿಗೆ ಹತ್ತಿಸಿ, ಬ್ರೇಕ್ ಬಿಗಿದು, ಚಕ್ರಗಳಿಗೆ ಮರದ ತುಂಡುಗಳನ್ನು ಅಡ್ಡವಿಟ್ಟು, ಸರಪಳಿಯಿಂದ ಕಟ್ಟಲಾಗುತ್ತದೆ. ಕಟಾವು ಯಂತ್ರದ ಅಗಲವಾದ ಮುಂಭಾಗವನ್ನು ಕಳಚಿ ಒಯ್ಯುತ್ತಾರೆ. ಹೇರಿದ ಮೇಲಿನ ಎತ್ತರವನ್ನು ಅಳೆಯದಿದ್ದರೆ ಯಂತ್ರವು ವಿದ್ಯುತ್ ತಂತಿಗೆ ತಗುಲುವ ಅಪಾಯವಿದೆ.

ದಾಖಲೆಗಳು

ಭಾರತದಲ್ಲಿ ನೋಂದಾಯಿತ ಟ್ರ್ಯಾಕ್ಟರನ್ನು ಬೇರೆ ರಾಜ್ಯಕ್ಕೆ ವರ್ಗಾಯಿಸಲು 1988ರ ಮೋಟಾರು ವಾಹನ ಕಾಯಿದೆಯ 48ನೆಯ ಪ್ರಕರಣದಂತೆ ನಿರಾಕ್ಷೇಪಣಾ ಪತ್ರ ಅಗತ್ಯ. ನೋಂದಣಿ ಪತ್ರದಲ್ಲಿ ಸಾಲದ ಒಪ್ಪಂದ ನಮೂದಾಗಿದ್ದರೆ, ಸಾಲ ಕೊಟ್ಟವರ ಲಿಖಿತ ಒಪ್ಪಿಗೆಯಿಲ್ಲದೆ ಒಡೆತನದ ವರ್ಗಾವಣೆ ದಾಖಲಾಗುವುದಿಲ್ಲ; ಯಂತ್ರ ಊರು ಸೇರಿದರೂ ಕೊಂಡವನ ಹೆಸರಿಗೆ ಬರುವುದಿಲ್ಲ.